ಟಿ4 ತಾಕಿನ ಬಿಳಿ ಪಟ್ಟಿ

ಪ್ರಯೋಗದ ತಾಕುಗಳನ್ನು ರೈತರಿಗೆ ತೋರಿಸುವ ಕ್ಷೇತ್ರೋತ್ಸವಕ್ಕೆ ಒಂದೇ ದಿನ ಉಳಿದಿತ್ತು. ಮೆಕ್ಕೆಜೋಳ ಮೊಣಕಾಲೆತ್ತರ ಬಂದಿತ್ತು. ಮೂರನೆಯ ತಾಕು ಟಿ3 ಕಡುಹಸಿರಾಗಿದ್ದರೆ, ಪಕ್ಕದ ಟಿ4 ಕಾಮಾಲೆ ಹಿಡಿದಂತೆ ನಿಂತಿತ್ತು. ಟಿ4 ಎಂದರೆ ನನ್ನದೇ ಕೂಸು: ಮುಕ್ಕಾಲು ಪಾಲು ಸಾರಜನಕ, ಕೊರತೆ ತುಂಬಲು ಗಾಳಿಯ ಸಾರಜನಕ ಹಿಡಿದುಕೊಡುವ ಅಜೋಸ್ಪಿರಿಲಂ ಬ್ಯಾಕ್ಟೀರಿಯಾ, ಜೊತೆಗೆ ರಂಜಕ ಕರಗಿಸುವ ಬ್ಯಾಕ್ಟೀರಿಯಾ ಪಿಎಸ್‌ಬಿ, ಕಾಂಪೋಸ್ಟ್, ಸತು.

ಮಣ್ಣಿನ ವಿಷಯದಲ್ಲಿ ನನಗೆ ಜಂಭವೂ ಇತ್ತು. ಎಲ್ಲ ತಾಕುಗಳಿಗೂ ಒಂದೇ ಅಳತೆಯ ಅಂಗಿ ಹೊಲಿಯುವ ಮೇಲಿನವರು ಸುಣ್ಣದ ಮೂಟೆಗಳನ್ನು ಕಳುಹಿಸಿದ್ದರು. ರಸಸಾರ (ಪಿಎಚ್) 8 ದಾಟಿದ ಕ್ಷಾರ ಮಣ್ಣಿಗೆ ಸುಣ್ಣವೇ? ಖಾರವಾದ ಟಿಪ್ಪಣಿ ಬರೆದು ಮೂಟೆಗಳನ್ನು ವಾಪಸು ಮಾಡಿದ್ದೆ.

ಅಂಥ ನಾನು ಆ ಸಂಜೆ ಬದುವಿನ ಮೇಲೆ ನಿಂತುಕೊಂಡೇ, ‘ಸಾರಜನಕ ಸಾಲದು, ಯೂರಿಯಾ ಹಾಕಿ’ ಎಂದೆ. ನಾಲ್ಕು ಸಾಲು ಮುಗಿಸಿದ ಹಿರಿಯ ಕೆಲಸಗಾರರು ಬಕೆಟ್ ಕೆಳಗಿಟ್ಟರು. ‘ಸರ್, ಕೆಳಗಿನ ಎಲೆ ಹಸಿರಾಗಿಯೇ ಇದೆಯಲ್ಲ?’

ಬಗ್ಗಿ ನೋಡಿದ್ದರೆ ಸಾಕಿತ್ತು. ಸಾರಜನಕದ ಕೊರತೆ ಹಳೆಯ ಎಲೆಯ ತುದಿಯಿಂದ ನಡುನರ ಹಿಡಿದು ಒಳಗಿಳಿಯುತ್ತದೆ. ಇಲ್ಲಿ ಬಿಳಿಚಿದ್ದು ಎಳೆಯ ಎಲೆ. ಆದರೆ ಬೆಳಕು ಹೋಗುತ್ತಿತ್ತು, ಫೋನ್ ಬಡಿದುಕೊಳ್ಳುತ್ತಿತ್ತು. ‘ಹೇಳಿದಷ್ಟು ಮಾಡಿ’ ಎಂದುಬಿಟ್ಟೆ. ಅವರು ಮಾತಾಡದೆ ಬಕೆಟ್ ಎತ್ತಿಕೊಂಡರು. ಮುಕ್ಕಾಲು ಪಾಲಿನ ಮೇಲೆ ಯೂರಿಯಾ ಬಿದ್ದು ಪ್ರಯೋಗದ ಲೆಕ್ಕ ಅಲ್ಲಿಗೆ ಕೆಟ್ಟಿತು.

ಮರುದಿನ ಮುಖ್ಯಸ್ಥರು ಒಂದು ಸುಳಿ ಎಲೆಯನ್ನು ಬಿಡಿಸಿ ಬಿಸಿಲಿಗೆ ಹಿಡಿದರು. ಬುಡದಲ್ಲಿ ನಡುನರದ ಎರಡೂ ಪಕ್ಕ ಅಗಲವಾದ ಬಿಳಿ ಪಟ್ಟಿ. ನರವೂ ಅಂಚೂ ಹಸಿರು. ಸತುವಿನ ಕೊರತೆಯ ಗುರುತು. ‘ಸತುವನ್ನು ಯಾವಾಗ ಕೊಟ್ಟಿರಿ?’

ನನ್ನ ಬಾಯಿ ಒಣಗಿತು. ಟಿ3ಕ್ಕೆ ಆಳುಗಳು ಬಿತ್ತನೆಗೆ ಮೊದಲೇ ಸತುವಿನ ಸಲ್ಫೇಟನ್ನು ಕೊಟ್ಟಿಗೆ ಗೊಬ್ಬರದೊಂದಿಗೆ ಬೇರೆಯಾಗಿ ಎರಚಿದ್ದರು. ಟಿ4ರಲ್ಲಿ ಮೋಡ ಕವಿಯಿತೆಂದು ನಾನೇ ಒಂದು ತಾಡಪಾಲಿನ ಮೇಲೆ ರಂಜಕದ ರಸಗೊಬ್ಬರ ಡಿಎಪಿ, ಸತು, ಎರಡೂ ಜೀವಾಣು ಪುಡಿಗಳನ್ನು ಸುರಿದು ಸಲಿಕೆಯಿಂದ ಕಲಸಿದ್ದೆ. ರಂಜಕ ಸತುವನ್ನು ಕರಗದ ಹಾಗೆ ಕಟ್ಟಿಹಾಕುತ್ತದೆ. ರಸಗೊಬ್ಬರದ ಉಪ್ಪಿನಲ್ಲಿ ಬ್ಯಾಕ್ಟೀರಿಯಾ ಬದುಕುವುದು ಕಷ್ಟ. ಕಾಂಪೋಸ್ಟಿನಲ್ಲಿ ಬೆರೆಸಿ ಕೊಡಬೇಕಾದ ಪುಡಿಗಳವು. ಬ್ಯಾಕ್ಟೀರಿಯಾದ ಮಹಿಮೆ ತೋರಿಸಬೇಕಾದ ತಾಕಿನಲ್ಲಿ ಬ್ಯಾಕ್ಟೀರಿಯಾವನ್ನೇ ಕೊಂದು ಹೂತಿದ್ದೆ.

ವರದಿಯ ಆ್ಯಪ್‌ನಲ್ಲಿ ಕಾರಣ ಆರಿಸಲು ‘ಹವಾಮಾನ’, ‘ಕೀಟ’, ‘ರೈತರ ನಿರ್ಲಕ್ಷ್ಯ’ ಇವು ಮೂರೇ. ನಮ್ಮ ತಪ್ಪಿಗೆ ಅಲ್ಲಿ ಜಾಗವಿಲ್ಲ. ‘ಹವಾಮಾನ’ ಒತ್ತಿದೆ; ಇವತ್ತಿಗೂ ನಾಚಿಕೆ.

ಪರಿಹಾರ ಸರಳವಾಗಿತ್ತು: ಲೀಟರ್ ನೀರಿಗೆ 5 ಗ್ರಾಂ ಸತುವಿನ ಸಲ್ಫೇಟ್, ಎಲೆ ಸುಡದಂತೆ 2.5 ಗ್ರಾಂ ಅರಳಿದ ಸುಣ್ಣ ಸೇರಿಸಿ ಸಿಂಪಡಿಸುವುದು. ಸುಣ್ಣಕ್ಕಾಗಿ ಉಗ್ರಾಣಕ್ಕೆ ಹೋದೆ. ಉಗ್ರಾಣದವರು ಕನ್ನಡಕದ ಮೇಲಿಂದ ನೋಡಿದರು.

‘ಸುಣ್ಣವೇ ಬೇಡವೆಂದು ಬರೆದಿದ್ದಿರಲ್ಲ, ಸರ್?’

ಅದು ಮಣ್ಣಿಗೆ, ಇದು ಎಲೆಗೆ ಎಂದು ವಿವರಿಸುವ ಮುಖ ನನಗಿರಲಿಲ್ಲ.