ಕಣ್ಣಿನ ಡಾಕ್ಟರು ಕೇಳಿದ ಪ್ರಶ್ನೆ

12 ನವೆಂಬರ್ 2024, ಮಂಗಳವಾರ

ಬಲಗಣ್ಣಿನ ಪೊರೆ ತೆಗೆಸಲು ದಿನ ಗೊತ್ತು ಮಾಡಿಕೊಂಡು ಬರೋಣವೆಂದು ಹೋದರೆ, ವೈದ್ಯೆ ಮೊದಲು ಕೇಳಿದ್ದು, "ಮೂತ್ರದ ತೊಂದರೆಗೆ ಏನಾದರೂ ಮಾತ್ರೆ ನುಂಗುತ್ತಿದ್ದೀರಾ?" ಕೋಣೆಯಲ್ಲಿ ಇನ್ನಿಬ್ಬರು ರೋಗಿಗಳು ಕುಳಿತಿದ್ದರು. ನಾನು ತಡವರಿಸುತ್ತಿದ್ದಂತೆ ಹೆಂಡತಿಯೇ, "ಟಾಮ್ಸುಲೋಸಿನ್, ಹದಿನಾಲ್ಕು ತಿಂಗಳಾಯಿತು" ಎಂದು ಗಟ್ಟಿಯಾಗಿ ಹೇಳಿಬಿಟ್ಟಳು.

ಆ ಮಾತ್ರೆ, ಮೂತ್ರನಾಳವನ್ನು ಸುತ್ತಿಕೊಂಡು ವಯಸ್ಸಾದಂತೆ ಬೆಳೆಯುವ ಪ್ರಾಸ್ಟೇಟ್ ಗ್ರಂಥಿಯ ಮತ್ತು ಮೂತ್ರಕೋಶದ ಬಾಯಿಯ ಸ್ನಾಯುಗಳನ್ನು ಸಡಿಲಿಸಿ ದಾರಿ ಬಿಡಿಸುತ್ತದೆ ಎಂಬುದು ನನಗೆ ಗೊತ್ತಿತ್ತು. ಪಾಪೆಯನ್ನು ಹಿಗ್ಗಿಸುವ ಸ್ನಾಯುವನ್ನೂ ಅದು ಬಿಡುವುದಿಲ್ಲ ಎಂದು ತಿಳಿದದ್ದು ಇಂದು. ಪೊರೆ ತೆಗೆಯುವಾಗ ಪಾಪೆಯ ಸುತ್ತಲಿನ ಬಣ್ಣದ ಪರದೆಯಾದ ಐರಿಸ್ ಒದ್ದೆ ಬಟ್ಟೆಯಂತೆ ಜೋಲಾಡಿ, ಪಾಪೆ ನಡುವೆಯೇ ಕುಗ್ಗಿಬಿಡಬಹುದಂತೆ. 2005ರಲ್ಲಿ ಇದಕ್ಕೊಂದು ಹೆಸರನ್ನೂ ಇಟ್ಟಿದ್ದಾರೆ. "ಹಾಗಾದರೆ ನಾಲ್ಕು ದಿನ ನಿಲ್ಲಿಸಲೇ?" ಎಂದೆ. ನಿಲ್ಲಿಸಿದ ಮಾತ್ರಕ್ಕೆ ಅಪಾಯ ತಪ್ಪುವುದಿಲ್ಲ, ಹಿಂದೆಂದೋ ನುಂಗಿದ್ದವರಲ್ಲೂ ಹೀಗಾಗುತ್ತದೆ. ಮೊದಲೇ ತಿಳಿದಿದ್ದರೆ ಪಾಪೆಯನ್ನು ಅಗಲವಾಗಿ ಹಿಡಿದಿಡುವ ಉಂಗುರ ಸಿದ್ಧವಿಟ್ಟುಕೊಳ್ಳುತ್ತೇವೆ ಎಂದರು. ನಾಚಿಕೆಯಿಂದ ಬಾಯಿ ಮುಚ್ಚಿಕೊಂಡಿದ್ದರೆ ನಷ್ಟ ನನ್ನ ಕಣ್ಣಿಗೇ.

ಬರೆಯಲು ಕುಳಿತಿದ್ದೇನೆ, ಉಳಿದದ್ದನ್ನೂ ಬರೆದುಬಿಡುತ್ತೇನೆ. ಕಳೆದ ವರ್ಷ ರಾತ್ರಿಗೆ ಐದು ಸಲ ಏಳುತ್ತಿದ್ದೆ. ಎದ್ದು ಹೋಗಿ ನಿಂತರೆ ಹನಿ ಹನಿ. ಏಳು ಪ್ರಶ್ನೆಗಳ ಹಾಳೆಯೊಂದನ್ನು ತುಂಬಿಸಿದರು. ಮೂವತ್ತೈದಕ್ಕೆ ಇಪ್ಪತ್ತೊಂದು ಅಂಕ. ಹೆಚ್ಚು ಬಂದಷ್ಟೂ ಕೆಟ್ಟದ್ದೆನ್ನುವ ಪರೀಕ್ಷೆ. ಟಾಮ್ಸುಲೋಸಿನ್ ಒಂದೇ ವಾರದಲ್ಲಿ ಗುಣ ತೋರಿಸಿತು. ಆದರೆ ಎರಡನೆಯ ರಾತ್ರಿ ಹಾಸಿಗೆಯಿಂದ ದಡಬಡಿಸಿ ಎದ್ದಾಗ ಕಣ್ಣು ಕತ್ತಲೆಗಟ್ಟಿ, ಬಾಗಿಲ ಚೌಕಟ್ಟು ಕೈಗೆ ಸಿಕ್ಕಿದ್ದರಿಂದ ಉಳಿದೆ. ಅಂದಿನಿಂದ ಕಾಲು ಇಳಿಬಿಟ್ಟು ಒಂದು ನಿಮಿಷ ಕುಳಿತೇ ಏಳುತ್ತೇನೆ. ವೀರ್ಯ ಹೊರಗೆ ಬಾರದೆ ಹಿಂದಕ್ಕೆ ಹೋಗುವುದೂ ಇದರ ಗುಣವೇ. ಅದರಿಂದ ಕೇಡೇನೂ ಇಲ್ಲ, ಆದರೆ ಮೊದಲೇ ಹೇಳಿದ್ದರೆ ನಾನು ಹತ್ತು ದಿನ ಒಳಗೊಳಗೇ ಹೆದರುತ್ತಿರಲಿಲ್ಲ.

ಇದೇ ತೊಂದರೆಗೆ ನಾನು ನುಂಗುವ ಇನ್ನೊಂದು ಮದ್ದು ಡ್ಯುಟಾಸ್ಟರೈಡ್, ಅರ್ಧ ಮಿಲಿಗ್ರಾಂ. ಇದು ಆಮೆ. ಗಂಡು ಹಾರ್ಮೋನಾದ ಟೆಸ್ಟೋಸ್ಟೆರೋನ್ ತನಗಿಂತ ಬಲವಾದ ಡೈಹೈಡ್ರೋಟೆಸ್ಟೋಸ್ಟೆರೋನ್ ಆಗುವುದನ್ನು ತಡೆದು, ಬೆಳೆದ ಗ್ರಂಥಿಯನ್ನೇ ಕುಗ್ಗಿಸುತ್ತದೆ. ಈ ಬಗೆಯ ಔಷಧಗಳ ಹಿಂದೊಂದು ವಿಚಿತ್ರ ಕಥೆಯಿದೆ. ಡೊಮಿನಿಕನ್ ಗಣರಾಜ್ಯದಲ್ಲಿ ಆ ಮಾರ್ಪಾಡು ಮಾಡುವ ಕಿಣ್ವವೇ ಕೊರತೆಯಾಗಿ ಹುಟ್ಟಿದ ಕೆಲವರ ಬಗ್ಗೆ 1974ರಲ್ಲಿ ವರದಿ ಬಂತು. ಅವರ ಪ್ರಾಸ್ಟೇಟ್ ಚಿಕ್ಕದಾಗಿಯೇ ಉಳಿದಿತ್ತು. ಆ ಸುಳಿವನ್ನು ಹಿಡಿದೇ ಈ ಗುಂಪಿನ ಮೊದಲ ಮಾತ್ರೆಯಾದ ಫಿನಾಸ್ಟರೈಡ್ ಬಂದದ್ದು. ನನಗೋ, ನಾಲ್ಕು ತಿಂಗಳಾದರೂ ಏನೂ ಗೊತ್ತಾಗಲಿಲ್ಲ. ಎರಡು ಸಲ ಬಿಟ್ಟುಬಿಡಬೇಕೆಂದುಕೊಂಡೆ. ಆರು ತಿಂಗಳು ದಾಟಿದ ಮೇಲೆ ರಾತ್ರಿಯ ಐದು ಎರಡಕ್ಕಿಳಿಯಿತು.

ಆಗಲೇ, ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ನೋಡುವ ರಕ್ತಪರೀಕ್ಷೆಯಾದ ಪಿಎಸ್‌ಎ 3.8ರಿಂದ 1.9ಕ್ಕೆ ಬಂದದ್ದನ್ನು ಕಂಡು ಹಿಗ್ಗಿದ್ದೆ. ಮೂತ್ರರೋಗ ತಜ್ಞರು ಪೆನ್ನಿನಿಂದ ಪಕ್ಕದಲ್ಲೇ "×2" ಎಂದು ಬರೆದರು. ಈ ಮದ್ದು ಆ ಅಂಕಿಯನ್ನು ಸುಮಾರು ಅರ್ಧಕ್ಕೆ ಇಳಿಸುವುದರಿಂದ ಎರಡರಿಂದ ಗುಣಿಸಿಯೇ ಓದಬೇಕು, ಇಳಿದದ್ದು ಮತ್ತೆ ಏರತೊಡಗಿದರೆ ಆಗ ಯೋಚಿಸಬೇಕು ಎಂದರು. ನನ್ನ ಹಿಗ್ಗು ಅಲ್ಲಿಗೆ ಮುಗಿಯಿತು.

ಸೊಸೆಗೆ ಐದು ತಿಂಗಳು. ನನ್ನ ಔಷಧದ ಡಬ್ಬಿಯನ್ನು ಜೋಡಿಸುತ್ತಿದ್ದವಳು ಅವಳೇ. ಸೋರಿದ ಡ್ಯುಟಾಸ್ಟರೈಡ್ ಕ್ಯಾಪ್ಸೂಲಿನ ಔಷಧ ಚರ್ಮದ ಮೂಲಕವೂ ಒಳಸೇರುತ್ತದೆ, ಹೊಟ್ಟೆಯಲ್ಲಿರುವುದು ಗಂಡು ಮಗುವಾದರೆ ತೊಂದರೆಯಾಗಬಹುದು ಎಂದು ಓದಿದ ದಿನವೇ ಡಬ್ಬಿಯನ್ನು ನನ್ನ ಕಪಾಟಿಗೆ ಸಾಗಿಸಿದೆ. "ಏನು ಮಾವ, ನನ್ನ ಮೇಲೆ ನಂಬಿಕೆಯಿಲ್ಲವೇ?" ಎಂದಳು. ವಿವರಿಸಲು ನಾನು ಪಟ್ಟ ಪಾಡು ಬೇಡ.

ಶಸ್ತ್ರಚಿಕಿತ್ಸೆ ಮುಂದಿನ ಗುರುವಾರ. ಹೆಂಡತಿ ಎರಡೂ ಮಾತ್ರೆಗಳ ಹೆಸರು ಬರೆದು ನನ್ನ ಅಂಗಿಯ ಜೇಬಿಗಿಟ್ಟಿದ್ದಾಳೆ, ಪೊರೆ ಬಂದ ಕಣ್ಣಿಗೂ ಕಾಣುವಷ್ಟು ದಪ್ಪ ಅಕ್ಷರದಲ್ಲಿ.