ಮೊದಲು ನೀರು ನೋಡಿ, ರಾಡ್ ಆಮೇಲೆ

ಕುಂಬಳೆ, ಉಪ್ಪಳ, ಮಂಜೇಶ್ವರ ಕಡೆಯ ನಮ್ಮ ಮಕ್ಕಳು ಈಗೀಗ ಗಾಳಕ್ಕೆ ಎರೆಹುಳ ಸಿಕ್ಕಿಸುವುದು ಬಿಟ್ಟು ಲೂರ್, ಅಂದರೆ ನಕಲಿ ಎರೆ, ಹಿಡಿದಿದ್ದಾರೆ. ನನಗೆ ತುಂಬ ಖುಷಿ. ಶಿರಿಯ ಹೊಳೆಯ ಅಳಿವೆಯಿಂದ, ಸೇತುವೆಯ ಬುಡದಿಂದ, ಕಾಂಡ್ಲಾ ಗಿಡಗಳ ಎಡೆಯಿಂದ ಫೋಟೋ ಬರುತ್ತವೆ. ಅದರ ಹಿಂದೆಯೇ ಅಕ್ಕನ ಮಗನ ಪ್ರಶ್ನೆಯೂ ಬರುತ್ತದೆ. "ಮಾವ, ನೀವು ಅಲ್ಲಿ ಬಾಸ್ ಮೀನು ಹಿಡಿಯುವ ರಾಡ್ ಯಾವುದು? ಊರಿಗೆ ಬರುವಾಗ ಅದನ್ನೇ ಒಂದು ತರ್ತೀರಾ?"

ತರುತ್ತೇನೆ ಮಾರಾಯ, ಅದೇನು ದೊಡ್ಡ ವಿಷಯ ಅಲ್ಲ. ಆದರೆ ರಾಡಿನಿಂದ ಶುರು ಮಾಡಿದರೆ ಎಲ್ಲ ಹಿಂದುಮುಂದು ಆಗುತ್ತದೆ. ಮೀನು ಎಂಥ ನೀರಿನಲ್ಲಿ ನಿಂತಿದೆ ಅಂತ ಮೊದಲು ನೋಡಬೇಕು. ಆ ನೀರಿಗೆ ಹೊಂದುವ ಲೂರ್ ಆರಿಸಬೇಕು. ಲೂರಿನ ತೂಕಕ್ಕೂ ಕೆಲಸಕ್ಕೂ ತಕ್ಕ ಲೈನ್, ಅಂದರೆ ಗಾಳದ ದಾರ. ಕೊನೆಗೆ ರಾಡ್. ಅಂಗಡಿಯಲ್ಲಿ ಸಾಮಾನ್ಯವಾಗಿ ಇದು ಉಲ್ಟಾ ನಡೆಯುತ್ತದೆ, ಯಾಕೆಂದರೆ ಕಣ್ಣಿಗೆ ಬೀಳುವುದು ರಾಡ್, ಬೆಲೆ ಜಾಸ್ತಿ ಇರುವುದೂ ಅದಕ್ಕೇ.

ನಾನಿರುವುದು ಟೆಕ್ಸಾಸಿನ ಡಲ್ಲಾಸ್ ಹತ್ತಿರ. ಇಲ್ಲಿ 17 ವರ್ಷ ತುಂಬಿದವರಿಗೆ ಗಾಳ ಹಾಕಲು ಲೈಸೆನ್ಸ್ ಬೇಕು. ಆದರೆ ರಾಜ್ಯದ ಪಾರ್ಕುಗಳಲ್ಲಿ ದಡದಿಂದ ಹಿಡಿಯುವುದಾದರೆ ಬೇಡ, ಕೆಲವು ಪಾರ್ಕುಗಳಲ್ಲಿ ರಾಡನ್ನೂ ಸುಮ್ನೆ ಎರವಲು ಕೊಡುತ್ತಾರೆ. ಹೊಸದಾಗಿ ಬಂದವರಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಬೇಡ ಅಲ್ವಾ? ಬಾಸ್ ಅಂದರೆ ಇಲ್ಲಿ ಲಾರ್ಜ್‌ಮೌತ್ ಬಾಸ್. ಸಿಹಿನೀರಿನ ಮೀನು. ಹಸಿರು ಮೈ, ಪಕ್ಕದಲ್ಲಿ ಕಪ್ಪು ಪಟ್ಟೆ, ಕಣ್ಣಿನ ಹಿಂದಿನವರೆಗೆ ಸೀಳಿದ ಬಾಯಿ. ದೂರ ಅಟ್ಟಿಸಿಕೊಂಡು ಹೋಗುವುದಕ್ಕಿಂತ ಮರೆಯಲ್ಲಿ ಹೊಂಚು ಹಾಕುವುದೇ ಅದರ ಕ್ರಮ. ಎರೆ ಹತ್ತಿರ ಬಂದ ಕೂಡಲೇ ಬಾಯಿ ಅಗಲಿಸಿ ನೀರಿನ ಸಮೇತ ಒಳಗೆ ಎಳೆದುಕೊಳ್ಳುತ್ತದೆ, ನಕಲಿ ಅಂತ ಗೊತ್ತಾದರೆ ಅಷ್ಟೇ ಬೇಗ ಉಗುಳಿಬಿಡುತ್ತದೆ. ಆ ಎರಡರ ನಡುವೆ ಸಿಗುವ ಸಮಯ ಬಹಳ ಕಡಿಮೆ. ಲೈನ್, ರಾಡ್ ಬಗ್ಗೆ ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದು ಅದಕ್ಕಾಗಿಯೇ.

ಡಲ್ಲಾಸಿನ ಪೂರ್ವಕ್ಕೆ ಲೇಕ್ ಫೋರ್ಕ್ ಅಂತ ಒಂದು ದೊಡ್ಡ ಕೆರೆ ಉಂಟು. ಅದರ ಅಣೆಕಟ್ಟು ಮುಗಿದದ್ದು 1980ರಲ್ಲಿ. ಒಳಗಿದ್ದ ಎಷ್ಟೋ ಮರಗಳನ್ನು ಕಡಿಯದೆ ಹಾಗೆಯೇ ಬಿಟ್ಟು ನೀರು ತುಂಬಿಸಿದರು, ಆ ಒಣಮರಗಳು ಇವತ್ತಿಗೂ ನೀರಿನಿಂದ ಮೇಲೆದ್ದು ನಿಂತಿವೆ, ಬಾಸಿಗೆ ಹೊಂಚು ಹಾಕಲು ಇನ್ನೇನು ಬೇಕು? ಟೆಕ್ಸಾಸಿನ ದಾಖಲೆ ಬಾಸ್ ಸಿಕ್ಕಿದ್ದು ಇಲ್ಲೇ, 1992ರ ಜನವರಿಯಲ್ಲಿ. ತೂಕ 18.18 ಪೌಂಡ್, ಅಂದರೆ ಎಂಟು ಕಿಲೋಗಿಂತ ಜಾಸ್ತಿ. ಅಂಥ ಮೀನು ಮರದ ಕೊಂಬೆಗೆ ಒಂದು ಸುತ್ತು ಹಾಕಿದರೆ ತೆಳು ಲೈನ್ ಉಳಿಯುವುದಿಲ್ಲ. ನೀರು ನೋಡಿ ಅಂತ ನಾನು ಹೇಳುವುದು ಇದನ್ನೇ. ಅದೇ ಬಾಸ್ ತಿಳಿನೀರಿನ ಬರಿಯ ಕಲ್ಲುದಡದಲ್ಲಿದ್ದರೆ ತೆಳು ಲೈನೇ ಬೇಕು, ದಪ್ಪ ಲೈನ್ ಕಂಡರೆ ಹತ್ತಿರವೂ ಬರಲಿಕ್ಕಿಲ್ಲ.

ಲೂರ್‌ಗಳ ಅಂಗಡಿಗೆ ಹೋದರೆ ತಲೆ ತಿರುಗುತ್ತದೆ. ಗೋಡೆ ತುಂಬ ಬಣ್ಣ. ಆದರೆ ಕೇಳಬೇಕಾದ ಪ್ರಶ್ನೆ ಎರಡೇ. ಇದು ನೀರಿನ ಯಾವ ಮಟ್ಟದಲ್ಲಿ ಓಡುತ್ತದೆ? ಕಸದಲ್ಲಿ ಸಿಕ್ಕಿಕೊಳ್ಳದೆ ಬರುತ್ತದಾ?

ನನ್ನ ಮಟ್ಟಿಗೆ ಮೊದಲು ಕಲಿಯಬೇಕಾದದ್ದು ಟೆಕ್ಸಾಸ್ ರಿಗ್. ಲೈನಿಗೆ ಬುಲೆಟ್ ಆಕಾರದ ತೂಕ ಪೋಣಿಸಿ, ತುದಿಗೆ ಅಗಲ ಬಾಗಿನ ಆಫ್‌ಸೆಟ್ ಹುಕ್ (ಕಣ್ಣಿನ ಹತ್ತಿರ ಮೆಟ್ಟಿಲಿನ ಹಾಗೆ ಮಡಚಿದ ಗಾಳ) ಕಟ್ಟುವುದು. ಮೆತ್ತಗಿನ ಪ್ಲಾಸ್ಟಿಕ್ ಹುಳದ ತಲೆಯನ್ನು ಹುಕ್ಕಿಗೆ ಸಿಕ್ಕಿಸಿ, ತಿರುಗಿಸಿ, ಹುಕ್ಕಿನ ಮೊನೆಯನ್ನು ಮತ್ತೆ ಹುಳದ ಮೈಯೊಳಗೆ ಹುದುಗಿಸುವುದು. ಮೊನೆ ಹೊರಗೆ ಕಾಣದ ಕಾರಣ ಜೊಂಡು, ಕೊಂಬೆ, ಬೇರು ಯಾವುದರ ನಡುವೆಯೂ ಹೆಚ್ಚು ಕಿರಿಕಿರಿ ಇಲ್ಲದೆ ಬರುತ್ತದೆ. ಎಸೆದ ಮೇಲೆ ಅವಸರ ಬೇಡ. ಎಷ್ಟೋ ಸಲ ಅದು ಮುಳುಗುತ್ತಿರುವಾಗಲೇ ಮೀನು ಕಚ್ಚುತ್ತದೆ, ಆಗ ಕೈಗೆ ಏನೂ ಗೊತ್ತಾಗುವುದಿಲ್ಲ, ಲೈನ್ ಒಂದು ಪಕ್ಕಕ್ಕೆ ಸರಿಯುವುದು ಮಾತ್ರ ಕಾಣುತ್ತದೆ, ಅದಕ್ಕೇ ಕಣ್ಣು ಲೈನ್ ಮೇಲೆ ಇರಬೇಕು. ತಳ ಮುಟ್ಟಿದ ಮೇಲೆ ರಾಡ್ ತುದಿ ಸ್ವಲ್ಪ ಎತ್ತಿ, ಮತ್ತೆ ಬಿಟ್ಟು, ನಿಧಾನ ಎಳೆಯಬೇಕು. ತೂಕ ಆದಷ್ಟು ಕಡಿಮೆ ಇರಲಿ. ಆಳ ಕಡಿಮೆ ಇದ್ದಲ್ಲಿ 1/8 ಔನ್ಸ್, ಅಂದರೆ ಮೂರೂವರೆ ಗ್ರಾಂ ಸಾಕು. ಗಾಳಿ ಇದ್ದರೆ, ಆಳ ಇದ್ದರೆ 3/8. ಈ ತೂಕಗಳು ಸೀಸದ್ದೂ ಸಿಗುತ್ತವೆ, ಟಂಗ್‌ಸ್ಟನ್‌ದೂ ಸಿಗುತ್ತವೆ. ಟಂಗ್‌ಸ್ಟನ್ ಬೆಲೆ ಜಾಸ್ತಿ, ಆದರೆ ಸೀಸಕ್ಕಿಂತ ಸಾಂದ್ರ, ಗಾತ್ರ ಸಣ್ಣದು. ತಳದಲ್ಲಿ ಕಲ್ಲಿದೆಯಾ ಕೆಸರಿದೆಯಾ ಅಂತ ಕೈಗೆ ಚೆನ್ನಾಗಿ ತಿಳಿಸುತ್ತದೆ.

ಮೀನು ಎಲ್ಲಿದೆ ಅಂತ ಗೊತ್ತಿಲ್ಲದ ದಿನ ಬೇಗ ಬೇಗ ಹುಡುಕಲು ಸ್ಪಿನ್ನರ್‌ಬೈಟ್ ಒಳ್ಳೆಯದು. ಅದರ ತಗಡಿನ ಎಲೆ ತಿರುಗುತ್ತಾ ಮಿಂಚುತ್ತದೆ, ನೀರನ್ನು ನಡುಗಿಸುತ್ತದೆ. ಕಲಕು ನೀರಿನಲ್ಲಿ ಮೀನು ಕಣ್ಣಿಗಿಂತ ಹೆಚ್ಚಾಗಿ ಮೈಯ ಪಕ್ಕದ ಗೆರೆಯಿಂದ ಈ ಅದುರನ್ನು ಹಿಡಿಯುತ್ತದೆ. ಕ್ರ್ಯಾಂಕ್‌ಬೈಟ್ ಅನ್ನುವ ಸಣ್ಣ ಮೀನಿನಂಥ ಗಟ್ಟಿ ಲೂರಿಗೆ ಮುಂದೆ ಒಂದು ನಾಲಗೆ ಇರುತ್ತದೆ, ಅದು ಉದ್ದ ಇದ್ದಷ್ಟೂ ಆಳಕ್ಕೆ ಇಳಿಯುತ್ತದೆ. ಚೌಕ ನಾಲಗೆಯದ್ದು ಮರಕ್ಕೆ ಬಡಿದು ಪಕ್ಕಕ್ಕೆ ಹಾರುತ್ತದೆ, ಹಾಗೆ ಹಾರಿದ ಕ್ಷಣದಲ್ಲೇ ಬಾಸ್ ಬೀಳುವುದು ಜಾಸ್ತಿ. ಬೆಳಗಿನ ಹೊತ್ತು, ಸಂಜೆ ಹೊತ್ತು ನೀರಿನ ಮೇಲೆ ಓಡುವ ಲೂರ್. ಜೊಂಡು ಚಾಪೆಯ ಹಾಗೆ ಹಬ್ಬಿದ್ದರೆ ಒಳಗೆ ಟೊಳ್ಳಾದ ಕಪ್ಪೆ ಆಕಾರದ ಲೂರ್. ಕಪ್ಪೆಯ ಮೇಲೆ ಮೀನು ಎಗರಿದ ಕೂಡಲೇ ಎಳೆಯಬಾರದು. ಲೈನಿನಲ್ಲಿ ಭಾರ ಬಂದ ಮೇಲೆ ಎಳೆಯಬೇಕು.

ಬಣ್ಣದ ವಿಷಯ ಬೇಗ ಮುಗಿಸುತ್ತೇನೆ. ತಿಳಿನೀರಿಗೆ ಕುಂಬಳಕಾಯಿ ಹಸಿರು, ಕಂದು, ಬೆಳ್ಳಿ. ಕಲಕು ನೀರಿಗೆ ಕಪ್ಪು-ನೀಲಿ, ಬಿಳಿ, ಗಿಳಿಹಸಿರು. ಇಷ್ಟು ಸಾಕು, ಉಳಿದ ದುಡ್ಡು ಲೈನಿಗೆ ಹಾಕಿ.

ಲೈನಿಗೆ ಯಾರೂ ಕೊಡಬೇಕಾದಷ್ಟು ಗಮನ ಕೊಡುವುದಿಲ್ಲ. ಮೀನಿಗೂ ನಿಮಗೂ ನಡುವೆ ಇರುವುದು ಅದೊಂದೇ. ಮೂರು ಬಗೆ ಉಂಟು. ಊರಿನಲ್ಲಿ ತಂಗೂಸು ಅನ್ನುವ ನೈಲಾನ್ ಮೊನೊ, ಫ್ಲೋರೋಕಾರ್ಬನ್, ಹೆಣೆದ ಬ್ರೇಡ್.

ನೈಲಾನ್ ಎಳೆದರೆ ಹಿಗ್ಗುತ್ತದೆ. ಹುಳದ ಲೂರಿಗೆ ಇದು ದೋಷ, ಕಚ್ಚಿದ್ದು ಕೈಗೆ ತಡವಾಗಿ ಗೊತ್ತಾಗುತ್ತದೆ. ಆದರೆ ಮೂರು ಮೊನೆಯ ಹುಕ್ಕಿನ ಲೂರಿಗೆ ಅದೇ ಗುಣ. ಬಾಸ್ ಮೇಲೆ ಹಾರಿ ತಲೆ ಕೊಡವಿದಾಗ ಸ್ವಲ್ಪ ಹಿಗ್ಗುವ ಲೈನ್ ಇದ್ದರೆ ಸಣ್ಣ ಹುಕ್ಕು ಬಾಯಿ ಹರಿದು ಬರುವುದಿಲ್ಲ. ಬೇಗ ಮುಳುಗುವುದಿಲ್ಲವಾದ್ದರಿಂದ ನೀರಿನ ಮೇಲಿನ ಲೂರಿಗೂ ಆಗುತ್ತದೆ. ಬೆಲೆಯೂ ಕಡಿಮೆ. ಬಿಸಿಲಿಗೆ ಹಾಳಾಗುತ್ತದೆ, ಹಾಗಾಗಿ ಆಗಾಗ ಬದಲಿಸಬೇಕು.

ಫ್ಲೋರೋಕಾರ್ಬನ್ ಮುಳುಗುತ್ತದೆ, ಹಿಗ್ಗುವುದೂ ಕಡಿಮೆ. ಕಲ್ಲು, ಮರಕ್ಕೆ ಉಜ್ಜಿದರೆ ತಡೆಯುತ್ತದೆ. ನೀರಿನಲ್ಲಿ ಕಾಣುವುದೂ ಕಡಿಮೆ, ಅದಕ್ಕೆ ಕಾರಣ ಬೆಳಕು. ನೀರಿನ ವಕ್ರೀಭವನ ಸೂಚ್ಯಂಕ 1.33, ಫ್ಲೋರೋಕಾರ್ಬನ್‌ದು ಸುಮಾರು 1.42, ನೈಲಾನ್‌ದು 1.5ಕ್ಕಿಂತ ಜಾಸ್ತಿ. ನೀರಿಗೆ ಹತ್ತಿರ ಇದ್ದಷ್ಟೂ ಕಣ್ಣಿಗೆ ಬೀಳುವುದು ಕಡಿಮೆ. ಟೆಕ್ಸಾಸ್ ರಿಗ್‌ಗೆ ನಾನು ಹಾಕುವುದು 15 ಪೌಂಡಿನ ಫ್ಲೋರೋಕಾರ್ಬನ್ (ಲೈನಿನ ಪೌಂಡ್ ಅಂದರೆ ಅದು ಹರಿಯದೆ ತಡೆಯುವ ಭಾರ). ಆದರೆ ಇದನ್ನು ನೀರಿನ ಮೇಲಿನ ಲೂರಿಗೆ ಕಟ್ಟಬೇಡಿ, ಮುಳುಗುವ ಲೈನ್ ಲೂರಿನ ಮೂತಿಯನ್ನು ಕೆಳಗೆ ಎಳೆಯುತ್ತದೆ.

ಬ್ರೇಡ್ ತೆಳು, ಬಲ ಜಾಸ್ತಿ. 30 ಪೌಂಡಿನ ಬ್ರೇಡ್ ಹೆಚ್ಚುಕಡಿಮೆ 8 ಪೌಂಡಿನ ನೈಲಾನಿನಷ್ಟೇ ದಪ್ಪ. ಹಿಗ್ಗುವುದೇ ಇಲ್ಲ ಅನ್ನಬಹುದು. ಜೊಂಡನ್ನು ಕೊಯ್ದುಕೊಂಡು ಬರುತ್ತದೆ, ತೇಲುತ್ತದೆ, ಕಪ್ಪೆ ಲೂರಿಗೆ ಇದನ್ನು ಬಿಟ್ಟು ಬೇರೆ ಇಲ್ಲ. ಆದರೆ ನೀರಿನಲ್ಲಿ ಎದ್ದು ಕಾಣುತ್ತದೆ, ಕಲ್ಲಿಗೆ ಉಜ್ಜಿದರೆ ಬೇಗ ಹರಿಯುತ್ತದೆ. ಅದಕ್ಕೇ ತುದಿಗೆ ಒಂದೆರಡು ಮಾರು ಫ್ಲೋರೋಕಾರ್ಬನ್ ಲೀಡರ್ ಕಟ್ಟುವುದು. ಎರಡನ್ನು ಸೇರಿಸಲು ಡಬಲ್ ಯೂನಿ ಗಂಟು ಸುಲಭ, ಎಫ್‌ಜಿ ಗಂಟು ಕಷ್ಟವಾದರೂ ತೆಳು, ರಾಡಿನ ಬಳೆಗಳಲ್ಲಿ ಸರಾಗ ಹೋಗುತ್ತದೆ. ಹುಕ್ಕಿಗೆ ಪಲೋಮರ್ ಗಂಟು. ಯಾವ ಗಂಟೇ ಆಗಲಿ, ಬಿಗಿಯುವ ಮೊದಲು ಒದ್ದೆ ಮಾಡಿ. ಒಣಗಿದ್ದಾಗ ಎಳೆದರೆ ಉಜ್ಜಿದ ಬಿಸಿಗೇ ಲೈನ್ ಅರ್ಧ ಸೋತಿರುತ್ತದೆ.

ಈಗ ರಾಡ್. ಹಿಡಿಯ ಮೇಲ್ಗಡೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ: 7 ಅಡಿ, ಮೀಡಿಯಂ ಹೆವಿ, ಫಾಸ್ಟ್, ಲೂರ್ 1/4ರಿಂದ 3/4 ಔನ್ಸ್, ಲೈನ್ 10ರಿಂದ 17 ಪೌಂಡ್. ಮೀಡಿಯಂ ಹೆವಿ ಅಂದರೆ ಬಗ್ಗಿಸಲು ಎಷ್ಟು ಬಲ ಬೇಕು ಅಂತ. ಫಾಸ್ಟ್ ಅಂದರೆ ಎಲ್ಲಿ ಬಗ್ಗುತ್ತದೆ ಅಂತ. ಫಾಸ್ಟ್ ರಾಡಿನ ತುದಿ ಮಾತ್ರ ಬಗ್ಗುತ್ತದೆ, ಹುಕ್ಕನ್ನು ಪ್ಲಾಸ್ಟಿಕ್ ಹುಳದ ಮೈಯಿಂದ ಹೊರಡಿಸಿ ಮೀನಿನ ದವಡೆಗೆ ಇಳಿಸಲು ಅದೇ ಬೇಕು. ಮಾಡರೇಟ್ ರಾಡ್ ಅರ್ಧದವರೆಗೆ ಬಗ್ಗುತ್ತದೆ, ಕ್ರ್ಯಾಂಕ್‌ಬೈಟಿನ ಸಣ್ಣ ಹುಕ್ಕುಗಳಿಗೆ ಅದು ಸರಿ. ಒಂದು ಕಂಪನಿಯ ಮೀಡಿಯಂ ಹೆವಿ ಇನ್ನೊಂದು ಕಂಪನಿಯ ಮೀಡಿಯಂ ಆಗಿರಬಹುದು. ಹಾಗಾಗಿ ಹೆಸರನ್ನು ಬಿಡಿ, ಲೂರ್ ತೂಕದ ಅಂಕಿ ನೋಡಿ. ನೀವು ಹೆಚ್ಚಾಗಿ ಎಸೆಯುವ ಲೂರ್ ಆ ಅಂಕಿಗಳ ನಡುಮಧ್ಯ ಬಂದರೆ ರಾಡ್ ತಾನಾಗಿ ಎಸೆಯುತ್ತದೆ. ನಾಲ್ಕು ಗ್ರಾಂ ಲೂರನ್ನು ಹೆವಿ ರಾಡಿನಲ್ಲಿ ಎಸೆಯುವುದೆಂದರೆ ಅಡಿಕೆ ಕೊಯ್ಯುವ ದೋಟಿಯಲ್ಲಿ ಮಲ್ಲಿಗೆ ಕೊಯ್ಯಲು ಹೊರಟ ಹಾಗೆ.

ಇಲ್ಲಿ ಒಬ್ಬೊಬ್ಬರು ದೋಣಿಯಲ್ಲಿ ಎಂಟು ಹತ್ತು ರಾಡ್ ಸಾಲಾಗಿ ಇಟ್ಟಿರುತ್ತಾರೆ. ದಡದಲ್ಲಿ ನಡೆಯುವವನಿಗೆ ಒಂದು ಸಾಕು, 7 ಅಡಿ ಮೀಡಿಯಂ ಹೆವಿ ಫಾಸ್ಟ್. ರೀಲ್ ಅಂದರೆ ರಾಡಿನಲ್ಲಿ ಲೈನ್ ಸುತ್ತುವ ರಾಟೆ. ಎಸೆಯುವಾಗ ಲೈನಿನ ಸ್ಪೂಲೇ ತಿರುಗುವ ಬೈಟ್‌ಕಾಸ್ಟರ್ ರೀಲಿಗೆ ಹೆಬ್ಬೆರಳಿನ ಅಭ್ಯಾಸ ಬೇಕು, ಇಲ್ಲದಿದ್ದರೆ ಸ್ಪೂಲ್ ಓಡಿ ಲೈನ್ ಗೋಜಲಾಗುತ್ತದೆ. ಏಳು ಗ್ರಾಮಿಗಿಂತ ಹಗುರ ಎಸೆಯುವವರಿಗೆ ಸ್ಪೂಲ್ ತಿರುಗದೆ ನಿಲ್ಲುವ ಸ್ಪಿನ್ನಿಂಗ್ ರೀಲೇ ಹಿತ.

ಇನ್ನು ಊರಿನ ನೀರು. ಮದಕ, ಗದ್ದೆ ಬದಿಯ ತೋಡು, ಕಟ್ಟದ ಹಿಂದೆ ನಿಂತ ನೀರು, ಅಲ್ಲಿ ಮಡೆಂಜಿ (ಹಾವಿನಂಥ ತಲೆಯ ಮೀನು) ಇದ್ದರೆ ಇಲ್ಲಿನ ಕಪ್ಪೆ ಲೂರ್ ಹಾಗೇ ನಡೆಯುತ್ತದೆ. 40 ಪೌಂಡಿನ ಬ್ರೇಡ್, ಗಟ್ಟಿ ರಾಡ್. ಆದರೆ ಬಾಸನ್ನು ಹಿಡಿದ ಹಾಗೆ ಕೆಳತುಟಿಗೆ ಬೆರಳು ಹಾಕಬೇಡಿ ಮಕ್ಕಳೇ. ಬಾಸಿನ ಹಲ್ಲು ಮರಳುಕಾಗದದಂತೆ ಒರಟು ಅಷ್ಟೇ, ಮಡೆಂಜಿಯದ್ದು ನಿಜವಾದ ಹಲ್ಲು. ಅಳಿವೆಯಲ್ಲಿ ಕಾಳಾಂಜಿ, ಚೆಂಬಲ್ಲಿ ಮೀನುಗಳಿಗೆ ಲೀಡರ್ ಇಲ್ಲದೆ ಹೋಗಲೇಬಾರದು. ಕಾಳಾಂಜಿಯ ಕಿವಿರಿನ ಮುಚ್ಚಳ ಕತ್ತಿಯಷ್ಟು ಹರಿತ, ಸೇತುವೆ ಕಂಬಕ್ಕೆ ಅಂಟಿದ ಚಿಪ್ಪುಗಳೂ ಮುರಕಲ್ಲೂ ಬ್ರೇಡನ್ನು ಉಳಿಸುವುದಿಲ್ಲ. ಉಪ್ಪುನೀರಿನಿಂದ ಬಂದ ಕೂಡಲೇ ರೀಲನ್ನು ಸಿಹಿನೀರಿನಲ್ಲಿ ಮೆಲ್ಲಗೆ ತೊಳೆಯಿರಿ, ಬಲವಾಗಿ ನೀರು ಬಿಡಬೇಡಿ, ಉಪ್ಪು ಇನ್ನೂ ಒಳಗೆ ಹೋಗುತ್ತದೆ.

ಇನ್ನೊಂದು ಮಾತು, ಇದನ್ನು ಮನಸ್ಸಿಟ್ಟು ಓದಿ. ಟೆಕ್ಸಾಸಿನಲ್ಲಿ ಸಾಮಾನ್ಯವಾಗಿ ದಿನಕ್ಕೆ ಐದು ಬಾಸ್ ಮಾತ್ರ ಇಟ್ಟುಕೊಳ್ಳಬಹುದು, 14 ಇಂಚಿಗಿಂತ ಸಣ್ಣದು ವಾಪಸ್ ನೀರಿಗೆ. ಲೇಕ್ ಫೋರ್ಕಿನಲ್ಲಿ ಇನ್ನೂ ಬಿಗಿ, 16ರಿಂದ 24 ಇಂಚಿನ ನಡುವಿನದ್ದನ್ನು ಬಿಡಲೇಬೇಕು. ಮೊಟ್ಟೆ ಇಡುವ ದೊಡ್ಡ ಮೀನು ಉಳಿಯಲಿ ಅಂತ. ನಮ್ಮ ಕಾಳಾಂಜಿ ಮೊದಲು ಗಂಡಾಗಿ ಬೆಳೆದು ಆಮೇಲೆ ಹೆಣ್ಣಾಗುವ ಮೀನು, ಅಂದರೆ ತುಂಬ ದೊಡ್ಡದು ಸಿಕ್ಕಿತು ಅಂದರೆ ಅದು ಹೆಚ್ಚಾಗಿ ಹೆಣ್ಣೇ. ಅದನ್ನು ಬಿಟ್ಟುಬಿಡಿ. ಮೊದಲ ಮಳೆಗೆ ಉಬರ್ ಏರಿ, ಅಂದರೆ ಹೊಸನೀರಿಗೆ ಎದುರು ಈಜಿ, ಗದ್ದೆಗೆ ಬರುವ ಮೀನನ್ನೂ ಆ ಕೆಲವು ದಿನ ಮುಟ್ಟಬೇಡಿ, ಮೊಟ್ಟೆ ಇಡಲೆಂದೇ ಬರುವುದು ಅವು.

ಬಾಸ್ ಮರಿ ತಂದು ಮದಕಕ್ಕೆ ಬಿಡೋಣವಾ ಅಂತ ಒಬ್ಬ ಕೇಳಿದ್ದ. ಬೇಡವೇ ಬೇಡ. ಜಪಾನಿಗೆ 1925ರಲ್ಲಿ ತಂದು ಆಶಿ ಕೆರೆಗೆ ಬಿಟ್ಟರು, ಆಮೇಲೆ ದೇಶವೆಲ್ಲ ಹಬ್ಬಿ ಅಲ್ಲಿನ ಸಣ್ಣ ಮೀನುಗಳಿಗೆ ಕಂಟಕ ಆಯಿತು. 2005ರಿಂದ ಅಲ್ಲಿ ಜೀವಂತ ಬಾಸ್ ಸಾಗಿಸುವುದಕ್ಕೂ ಸಾಕುವುದಕ್ಕೂ ಕಾನೂನಿನ ತಡೆ ಉಂಟು. 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರಿ ಹಿಡಿದ 22 ಪೌಂಡ್ 4 ಔನ್ಸಿನ ದಾಖಲೆಗೆ ಸಾಟಿಯಾದ ಬಾಸ್ 2009ರಲ್ಲಿ ಸಿಕ್ಕಿದ್ದು ಜಪಾನಿನ ಬಿವಾ ಕೆರೆಯಲ್ಲೇ. ಹೊರಗಿನ ಮೀನು ಅಷ್ಟು ಕೊಬ್ಬಿ ಬೆಳೆಯುವಾಗ ಒಳಗಿನದ್ದು ಎಷ್ಟು ಹೋಗಿರಬೇಕು, ಯೋಚಿಸಿ.

ಅಕ್ಕನ ಮಗನಿಗೆ ನನ್ನ ಉತ್ತರ ಇಷ್ಟು. ಶಿರಿಯ ಅಳಿವೆಗೆ 7 ಅಡಿ ಸ್ಪಿನ್ನಿಂಗ್ ರಾಡ್, ಲೂರ್ ತೂಕ 10ರಿಂದ 30 ಗ್ರಾಂ ಅಂತ ಬರೆದದ್ದು, ಎರಡು ತುಂಡಿನದ್ದು, ಬಸ್ಸಿನಲ್ಲೂ ಸ್ಕೂಟರಿನಲ್ಲೂ ಒಯ್ಯಬಹುದು. ಉಪ್ಪುನೀರು ತಡೆಯುವ 4000 ಗಾತ್ರದ ರೀಲ್. 30 ಪೌಂಡಿನ ಬ್ರೇಡ್, ತುದಿಗೆ 40 ಪೌಂಡಿನ ಲೀಡರ್. ಇವಿಷ್ಟೂ ಅಲ್ಲೇ ತೆಗೆದುಕೋ, ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿಯೇ ತೆಗೆದುಕೋ. ಆಫ್‌ಸೆಟ್ ಹುಕ್ಕು, ಟಂಗ್‌ಸ್ಟನ್ ಬುಲೆಟ್, ಒಂದೆರಡು ಕಟ್ಟು ಪ್ಲಾಸ್ಟಿಕ್ ಹುಳ ನಾನು ತರುತ್ತೇನೆ.