ಆ ಗುಹೆಯ ದೃಶ್ಯ

ಮಳೆ ಬಿಡದ ಒಂದು ಭಾನುವಾರ ಮಧ್ಯಾಹ್ನ, ಎಂಟು ವರ್ಷದ ಮಗನ ಹಟಕ್ಕೆ ಮಣಿದು ನಾವು ನಾಲ್ವರೂ ‘ದಿ ಇನ್‌ಕ್ರೆಡಿಬಲ್ಸ್’ ನೋಡಲು ಕುಳಿತೆವು. ಬ್ರಾಡ್ ಬರ್ಡ್ ನಿರ್ದೇಶಿಸಿ, ಪಿಕ್ಸಾರ್ ಸಂಸ್ಥೆ 2004ರಲ್ಲಿ ತೆರೆಗೆ ತಂದ ಆ ಅನಿಮೇಷನ್ ಚಿತ್ರವನ್ನು ನಾನು ಮದುವೆಗೆ ಮುಂಚೆಯೇ ನೋಡಿದ್ದೆನಾದರೂ ಓಟ, ಹೊಡೆದಾಟಗಳ ಹೊರತು ಹೆಚ್ಚೇನೂ ನೆನಪಿರಲಿಲ್ಲ. ಹದಿಮೂರರ ಮಗಳು ಸೋಫಾದ ತುದಿಯಲ್ಲಿ ಮೊಬೈಲಿನೊಳಗೆ ಮುಳುಗಿದ್ದಳು.

ಮನೆಯೊಳಗೆ ಯಾರ ಪಾಡು ಏನು ಎಂಬುದನ್ನು ನೋಡಿಯೇ ಬರ್ಡ್ ಈ ಸೂಪರ್‌ಹೀರೋಗಳಿಗೆ ಶಕ್ತಿಗಳನ್ನು ಹಂಚಿದ್ದಾರೆ. ಎಲ್ಲ ಭಾರವನ್ನೂ ಹೊರಬೇಕಾದ ತಂದೆಗೆ ಬಲ, ಹತ್ತು ಕಡೆಗೆ ಎಳೆಯಲ್ಪಡುವ ತಾಯಿಗೆ ರಬ್ಬರಿನಂತೆ ಹಿಗ್ಗುವ ಮೈ, ಒಂದೆಡೆ ನಿಲ್ಲದ ಹುಡುಗನಿಗೆ ವೇಗ, ಯಾರ ಕಣ್ಣಿಗೂ ಬೀಳಲೊಲ್ಲದ ಹದಿಹರೆಯದ ವಯಲೆಟ್‌ಗೆ ಅದೃಶ್ಯಳಾಗುವ ಮತ್ತು ಸುತ್ತಲೂ ರಕ್ಷಾಕವಚ ಕಟ್ಟುವ ಶಕ್ತಿ. ಊಟದ ಮೇಜಿನಲ್ಲಿ ಜಗಳಕ್ಕಿಳಿದ ಮಕ್ಕಳನ್ನು ಆ ತಾಯಿ ಕೈಗಳನ್ನು ಉದ್ದಕ್ಕೆ ಚಾಚಿ ಹಿಡಿದಾಗ, ಇಂಗ್ಲಿಷ್ ಬಾರದ ನಮ್ಮ ಅತ್ತೆಯವರು, “ಪಾಪ, ಅವಳಿಗೆ ಎರಡು ಕೈ ಎಲ್ಲಿ ಸಾಲಬೇಕು!” ಎಂದರು. ನಿಜವಾದ ನಟಿಯೊಬ್ಬಳ ಕೈ ಹಾಗೆ ಉದ್ದವಾಗಿದ್ದರೆ ಅದೊಂದು ಕಣ್ಕಟ್ಟಾಗಿ ಮಾತ್ರ ಕಾಣುತ್ತಿತ್ತೇನೋ. ಚಿತ್ರಿಸಿದ ಕೈಯಾದ್ದರಿಂದಲೇ ಎಂಟರ ಮೊಮ್ಮಗನೂ ಎಪ್ಪತ್ತರ ಅಜ್ಜಿಯೂ ಅದನ್ನು ಒಂದೇ ಕ್ಷಣದಲ್ಲಿ ನಂಬಿದರು, ಆದರೆ ಅವನು ಅದರಲ್ಲಿ ಆಟವನ್ನು ಕಂಡ, ಅವರು ಆಯಾಸವನ್ನು ಕಂಡರು.

ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆಯೇ ದೃಶ್ಯ. ಕ್ಷಿಪಣಿಗಳು ವಿಮಾನದತ್ತ ಬರುತ್ತಿರುವಾಗ ತಾಯಿ ವಯಲೆಟ್‌ಳಿಗೆ ವಿಮಾನದ ಸುತ್ತ ಕವಚ ಕಟ್ಟೆಂದು ಕೂಗುತ್ತಾಳೆ. ಅದುವರೆಗೆ ಶಕ್ತಿಯನ್ನು ಬಳಸಲೇಬಾರದೆಂದು ಕೇಳಿಕೊಂಡೇ ಬೆಳೆದ ಹುಡುಗಿಯಿಂದ ಅದು ಆಗುವುದಿಲ್ಲ, ವಿಮಾನ ಸಿಡಿದುಹೋಗುತ್ತದೆ. ತಾಯಿಯೇ ಪ್ಯಾರಾಚೂಟ್ ಆಗಿ, ಮತ್ತೆ ದೋಣಿಯಾಗಿ ಮಕ್ಕಳನ್ನು ದಡ ಸೇರಿಸುತ್ತಾಳೆ. ಆ ಮೇಲೆ ಗುಹೆಯೊಳಗೆ, ಬೆಂಕಿಯ ಬೆಳಕಿನಲ್ಲಿ, ಮಗಳು ಕ್ಷಮೆ ಕೇಳಿದಾಗ, ತಪ್ಪು ನಿನ್ನದಲ್ಲ, ಇದ್ದಕ್ಕಿದ್ದಂತೆ ನಿನ್ನಿಂದ ಅಷ್ಟೊಂದು ನಿರೀಕ್ಷಿಸಿದ್ದು ನ್ಯಾಯವಲ್ಲ ಎಂಬರ್ಥದ ಮಾತನ್ನು ತಾಯಿ ಹೇಳುತ್ತಾಳೆ.

ಹಿಂದಿನ ತಿಂಗಳು ಕಚೇರಿಯ ಕೆಲಸ ಹೆಚ್ಚಿ, ಅತ್ತೆಯವರೂ ಊರಿನಲ್ಲಿಲ್ಲದಾಗ, ಒಲೆ ಹಚ್ಚಲೂ ಬಿಡದೆ ‘ನೀನಿನ್ನೂ ಚಿಕ್ಕವಳು’ ಎನ್ನುತ್ತಿದ್ದ ನಾನೇ ಮಗಳಿಗೆ ಸಂಜೆಗಳಲ್ಲಿ ತಮ್ಮನನ್ನು ಒಪ್ಪಿಸಿದ್ದೆ. ಒಂದು ದಿನ ಅವನು ಮೆಟ್ಟಿಲಿನಿಂದ ಬಿದ್ದು ಗದ್ದ ಒಡೆದುಕೊಂಡಾಗ, ಹೊಲಿಗೆ ಹಾಕಿಸಿಕೊಂಡು ಬಂದವಳೇ ಅವಳ ಮೇಲೆ ಕಠಿಣವಾಗಿ ಹರಿಹಾಯ್ದಿದ್ದೆ. ಅವಳು ಅಂದಿನಿಂದ ನನ್ನೊಡನೆ ಬೇಕಾದಷ್ಟೇ ಮಾತನಾಡುತ್ತಿದ್ದಳು. ಹದಿಹರೆಯವೇ ಹಾಗೆಂದು ನಾನು ಸುಮ್ಮನಾಗಿದ್ದೆ.

ಪರದೆಯಿಂದ ಕಣ್ಣು ತೆಗೆದು ನೋಡಿದರೆ ಅವಳ ಮೊಬೈಲ್ ಮಡಿಲಿನಲ್ಲಿ ಮಗುಚಿ ಬಿದ್ದಿತ್ತು. ನಾನು ಹತ್ತಿರ ಸರಿದು, ಅಂದು ತಮ್ಮ ಬಿದ್ದದ್ದು ನಿನ್ನ ತಪ್ಪಲ್ಲ, ಅಷ್ಟು ದೊಡ್ಡ ಹೊಣೆ ಹೊರಿಸಿದ ನನ್ನದು ಎಂದು ತಗ್ಗಿದ ದನಿಯಲ್ಲಿ ಹೇಳಿದೆ. ಅವಳು ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಮುಂದೆ ನೋಡಮ್ಮ, ಕಾಡಲ್ಲಿ ಗುಂಡು ಹಾರಿಸ್ತಾರೆ. ಆಗ ಅವಳು ತಮ್ಮನ್ನ ಕಾಪಾಡ್ತಾಳೆ,” ಎಂದಳು. ಆ ಚಿತ್ರವನ್ನು ಅವಳು ಮೊದಲೇ, ಒಬ್ಬಳೇ ಕುಳಿತು ನೋಡಿದ್ದಳು.